ಬಿಂದುರಾಯರ ಮೂರನೆಯ ಪೊಟ್ಟಣ

ಬಿಂದುಮಾಧವರಾಯರು ಸುಮ್ಮನೆ ಕುಳಿತದ್ದನ್ನು ಕಂಡವರು ಗೋವಾದ ವಾಸ್ಕೋದಲ್ಲಿ ಕಡಿಮೆ. ಅವರು ಕುಳಿತರೂ ಅವರ ಬಲ ಮೊಣಕಾಲು ಕುಳಿತಿರುತ್ತಿರಲಿಲ್ಲ. ಅದಿರಿನ ಕೆಲಸದವರ ಕಾಲು ತಾನು, ಅದಿರುತ್ತಲೇ ಇರಬೇಕು ಎಂದು ಅದು ತೀರ್ಮಾನಿಸಿದಂತಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಎಂಜಿನ್ನೇ ಕೆಟ್ಟಿದೆ ಎಂದುಕೊಂಡು ಡ್ರೈವರನ ಕಡೆ ನೋಡುತ್ತಿದ್ದರು.

ಧಾರವಾಡದಲ್ಲಿ ರಸಾಯನಶಾಸ್ತ್ರದ ಡಿಗ್ರಿ ಮುಗಿಸಿ, ಒಂದು ಟ್ರಂಕು, ಒಂದು ಹೋಲ್ಡಾಲಿನೊಡನೆ ಎಪ್ಪತ್ತೆರಡರಲ್ಲಿ ರೈಲಿನಿಂದ ಇಳಿದವರು, ಅಂದಿನಿಂದ ಬಂದರಿನ ಒಂದು ಖಾಸಗಿ ಕಂಪನಿಯಲ್ಲಿ ಸ್ಯಾಂಪಲ್ ತೆಗೆಯುವ ಕೆಲಸದಲ್ಲಿದ್ದರು. ಗಣಿಯಿಂದ ಬಾರ್ಜುಗಳಲ್ಲಿ ಕಬ್ಬಿಣದ ಅದಿರು ಬರುತ್ತದೆ, ಹಡಗು ತುಂಬುತ್ತದೆ. ಐವತ್ತು ಸಾವಿರ ಟನ್ ಕೆಂಪು ಮಣ್ಣು. ಅದರಲ್ಲಿ ಕಬ್ಬಿಣವೆಷ್ಟು, ನೀರೆಷ್ಟು ಎಂದು ಹೇಳಬೇಕು. ಅಷ್ಟನ್ನೂ ಪರೀಕ್ಷಿಸುತ್ತ ಕೂತರೆ ಹಡಗಿನ ಕ್ಯಾಪ್ಟನ್ ರಿಟೈರ್ ಆಗಿಬಿಡುತ್ತಾನೆ. ಆದ್ದರಿಂದ ಅಲ್ಲೊಂದು ಸಲಿಕೆ ಇಲ್ಲೊಂದು ಸಲಿಕೆ ತೆಗೆದು, ಕಲಸಿ, ಗೋಪುರದಂತೆ ಗುಡ್ಡೆ ಹಾಕಿ, ಗುಡ್ಡೆಯನ್ನು ರೊಟ್ಟಿಯಂತೆ ತಟ್ಟಿ, ರೊಟ್ಟಿಯನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಉಳಿದೆರಡನ್ನು ಮತ್ತೆ ಕಲಸಿ, ಮತ್ತೆ ಗುಡ್ಡೆ, ಮತ್ತೆ ರೊಟ್ಟಿ. ಕೊನೆಗೆ ಉಳಿಯುವ ಬೊಗಸೆಯಷ್ಟು ಪುಡಿ ಇಡೀ ಹಡಗಿನ ಪರವಾಗಿ ಮಾತಾಡುತ್ತದೆ. ಬಿಂದುವಿನಲ್ಲಿ ಸಿಂಧುವನ್ನು ಕಾಣುವ ಕೆಲಸ. ಹೆಸರಿಟ್ಟ ಅಜ್ಜನಿಗೆ ಇದು ಮೊದಲೇ ಹೊಳೆದಿತ್ತೋ ಏನೋ.

ಈ ಕಸುಬಿಗೆ ಎರಡು ಕಟ್ಟಳೆಗಳಿದ್ದವು. ಒಂದು: ಉಳಿದ ಪುಡಿಯನ್ನು ಮೂರು ಪೊಟ್ಟಣ ಮಾಡಬೇಕು. ಮಾರುವವನಿಗೊಂದು, ಕೊಳ್ಳುವವನಿಗೊಂದು. ಮೂರನೆಯದಕ್ಕೆ ಅರಗಿನ ಮುದ್ರೆ ಒತ್ತಿ ಕಪಾಟಿನಲ್ಲಿಡಬೇಕು. ಇಬ್ಬರಿಗೂ ಜಗಳ ಬಂದರೆ ಮಾತ್ರ ಅದನ್ನು ಒಡೆಯುವುದು. ಎರಡು: ಮಾರುವವನಾಗಲಿ ಕೊಳ್ಳುವವನಾಗಲಿ ಸಲಿಕೆ ಮುಟ್ಟುವಂತಿಲ್ಲ, ಅಭಿಪ್ರಾಯ ಹೇಳುವಂತಿಲ್ಲ. ಪಕ್ಷಗಾರರ ಬಾಯಿ ಲೆಕ್ಕಕ್ಕಿಲ್ಲ. ಈ ಎರಡನ್ನು ರಾಯರು ಸಂಧ್ಯಾವಂದನೆಗಿಂತ ನಿಷ್ಠೆಯಿಂದ ಪಾಲಿಸುತ್ತಿದ್ದರು. ಸಂಧ್ಯಾವಂದನೆ ಮಾಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ದಿನದಲ್ಲಿ ಹದಿನೈದು ನಿಮಿಷ ಮಾತ್ರ ಆ ಮೊಣಕಾಲಿಗೆ ವಿಶ್ರಾಂತಿ. ಬೆಳಿಗ್ಗೆ ಆರಕ್ಕೆ, ಬಾಲ್ಕನಿಯಲ್ಲಿ, ಹೆಂಡತಿ ಮಂದಾಕಿನಿಬಾಯಿಯವರ ಜೊತೆ ಚಹಾ ಕುಡಿಯುವ ಹೊತ್ತು. ಮಗಳು ಬೆಳಗಾವಿಯ ಹಾಸ್ಟೆಲಿನಲ್ಲಿದ್ದಳು. ಮಂದಾಕಿನಿಬಾಯಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರಿನವರ ಮಾತೆಲ್ಲ ಎಂಟು ತಾಸು ಕಿವಿಗೆ ಕಟ್ಟಿಕೊಂಡು ಮನೆಗೆ ಬಂದ ಮೇಲೆ ಅವರಿಗೆ ಸ್ವಂತ ಮಾತು ಬೇಡವಾಗುತ್ತಿತ್ತು. ಆದರೆ ಬೆಳಗಿನ ಆ ಕಾಲು ತಾಸು ಅವರೇ ಮಾತಾಡುತ್ತಿದ್ದರು. ಯಾರ ಮದುವೆ ಮುರಿಯಿತು, ಯಾವ ಹಡಗಿನವನು ಯಾವ ಊರಿಗೆ ಟ್ರಂಕ್ ಕಾಲ್ ಮಾಡಿ ಅತ್ತ. ರಾಯರು ಕೇಳುತ್ತಿದ್ದರು. ಎರಡು ಸ್ಟೀಲ್ ಲೋಟ, ಶುಂಠಿ ಜಜ್ಜಿ ಹಾಕಿದ ಹಾಲಿನ ಚಹಾ. ಮೊಣಕಾಲು ತೆಪ್ಪಗಿರುತ್ತಿತ್ತು.

ತೊಂಬತ್ತೊಂದರ ಮೇ ತಿಂಗಳಲ್ಲಿ ಡಾಕ್ಟರು ರಿಪೋರ್ಟು ನೋಡಿ, ಸಕ್ಕರೆ ಏರಿದೆ, ಹಾಲು-ಸಕ್ಕರೆಯ ಚಹಾ ಬಂದ್ ಎಂದರು. ದಿನಕ್ಕೆ ಹನ್ನೊಂದು ಕಪ್ಪಿನ ಮನುಷ್ಯ. ಚಹಾ ಬಿಟ್ಟ ವಾರದೊಳಗೆ ಚಹರೆಯೇ ಬದಲಾಯಿತು. ಆದರೆ ರಾಯರನ್ನು ಕಾಡಿದ್ದು ಚಹಾ ಅಲ್ಲ. ಮೊದಲ ದಿನ ಬಿಸಿನೀರಿನ ಲೋಟ ಹಿಡಿದು ಬಾಲ್ಕನಿಗೆ ಬಂದು ನೋಡಿದರೆ ಎದುರಿನ ಬೆತ್ತದ ಮೋಡಾ ಖಾಲಿ. ಮಂದಾಕಿನಿಬಾಯಿ ಅಡುಗೆಮನೆಯಲ್ಲಿ ಕಟ್ಟೆಗೆ ಒರಗಿ ನಿಂತು, ಕದ್ದವರಂತೆ ಗಟಗಟ ಕುಡಿಯುತ್ತಿದ್ದರು.

"ಅಲ್ಲೇ ಯಾಕ ನಿಂತಿ? ಬಾ, ಕೂಡು."

"ನಿಮ್ಮ ಮುಂದ ಕೂತು ಹೆಂಗ ಕುಡೀಲಿ? ಗಂಟಲದಾಗ ಇಳೀಬೇಕಲ್ಲ."

ಮರುದಿನವೂ ಮೋಡಾ ಖಾಲಿ. ಅದರ ಮರುದಿನವೂ. ಅಷ್ಟರಲ್ಲಿ ಮಳೆ ಹಿಡಿಯಿತು. ಮಳೆಗಾಲದಲ್ಲಿ ಬಾರ್ಜು ನಿಲ್ಲುತ್ತವೆ, ಸ್ಯಾಂಪಲ್ ನಿಲ್ಲುತ್ತದೆ. ಆಫೀಸಿನಲ್ಲಿ ಹಳೆಯ ಫೈಲಿಗೆ ದಾರ ಕಟ್ಟುವ ಕೆಲಸವಷ್ಟೇ. ಕೈಗೆ ಸಲಿಕೆಯಿಲ್ಲ, ಬಾಯಿಗೆ ಚಹಾ ಇಲ್ಲ, ಎದುರಿಗೆ ಹೆಂಡತಿಯಿಲ್ಲ. ರಾಯರು ಮನೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದರು. ಕೆಳಗಿನ ಮನೆಯ ಖಾತುನ, ಮೇಲೇನು ರುಬ್ಬುತ್ತೀರಿ ಎಂದು ಕೇಳಿ ಕಳಿಸಿದಳು.

ಜೂನ್ ಮೂರನೆಯ ವಾರ ನಡೆಯುವುದನ್ನು ನಿಲ್ಲಿಸಿ ಷೋಕೇಸಿನ ಬಾಗಿಲು ತೆಗೆದರು. ಹಡಗಿನ ಅಧಿಕಾರಿಗಳು ವರ್ಷಾನುಗಟ್ಟಲೆ ಕೊಟ್ಟ ಚಹಾ ಡಬ್ಬಿಗಳು ಗೊಂಬೆಗಳ ನಡುವೆ ಗೊಂಬೆಗಳಾಗಿ ಕೂತಿದ್ದವು. ಹಾಲಿಲ್ಲದೆ, ಸಕ್ಕರೆಯಿಲ್ಲದೆ, ಮಂದಾಕಿನಿ ತನ್ನೆದುರು ಕೂತು ಖುಷಿಯಿಂದ ಕುಡಿಯುವಂಥ ಒಂದು ಚಹಾ ಈ ಭೂಮಿಯ ಮೇಲೆ ಇರಲೇಬೇಕು. ಹುಡುಕಬೇಕು. ಹುಡುಕುವ ವಿಧಾನ ತನಗೆ ಗೊತ್ತಿಲ್ಲದೆ ಮತ್ತಾರಿಗೆ ಗೊತ್ತು?

ಹಾಲ್‌ನಲ್ಲಿ ಹಳೆಯ ಪೇಪರು ಹಾಸಿದರು. ಮಲ್ಲಿಗೆ ಮೊಗ್ಗು ಬೆರೆಸಿದ ಹಸಿರು ಎಲೆ, ಕಿತ್ತಳೆಸಿಪ್ಪೆ ಪರಿಮಳದ ಕಪ್ಪು ಎಲೆ, ಹೊಗೆ ಹಿಡಿಸಿದ ಇನ್ನೊಂದು. ಸಾಲದ್ದಕ್ಕೆ ಸಂತೆಯಿಂದ ತುಳಸಿ, ಪುದೀನ, ದಾಲ್ಚಿನ್ನಿಯ ಎಲೆ, ಹುಳಿಗೆ ಹಾಕುವ ಕೋಕಂ ಸಿಪ್ಪೆ. ಇವನ್ನೆಲ್ಲ ಒಂದೊಂದಾಗಿ ಗುಡ್ಡೆ ಹಾಕಿ, ತಟ್ಟಿ, ನಾಲ್ಕು ಪಾಲು ಮಾಡಿದರು. ಲ್ಯಾಬಿನ ಥರ್ಮಾಮೀಟರ್ ಮನೆಗೆ ಬಂತು. ಹಸಿರೆಲೆಗೆ ನೀರು ಕುದಿಯಬಾರದು, ಕುದಿ ಬರುವ ಮುಂಚೆಯೇ ಇಳಿಸಬೇಕು, ಕಪ್ಪೆಲೆಗೆ ಕುದಿಯಲೇಬೇಕು, ಮೇಲೆ ತಟ್ಟೆ ಮುಚ್ಚಿ ಮೂರು ನಿಮಿಷ, ನಾಲ್ಕಾದರೆ ಕಹಿ. ಇದೆಲ್ಲ ನೋಟ್‌ಬುಕ್ಕಿಗೆ ಏರಿತು.

ಸಂತೆಯಲ್ಲಿ ನಿಂಬೆಯ ಪರಿಮಳದ ಮಜ್ಜಿಗೆ ಹುಲ್ಲು ಮಾರುವ ರಾಮಿಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೇಲಿನ ಕಟ್ಟಿನಿಂದೆರಡು ಎಸಳು, ನಡುವಿನದರಿಂದೆರಡು, ತಳದಿಂದೆರಡು ಎಳೆಯತೊಡಗಿದರು. ಗುಡ್ಡೆಯ ನೆತ್ತಿಯಿಂದ ಮಾತ್ರ ಸ್ಯಾಂಪಲ್ ತೆಗೆಯುವವನು ಅಡ್ಡಕಸುಬಿ ಎಂಬುದು ಅವರ ನಂಬಿಕೆ.

"ಹುಲ್ಲಿನ್ಯಾಗ ಏನ್ ಬಂಗಾರ ಹುಡುಕಾಕತ್ತೀರಿ ಸಾಹೇಬ್ರ?" ಎಂದಳು ರಾಮಿಬಾಯಿ. "ತಗೊಂಡ್ರ ತಗೋರಿ. ಇಲ್ಲಾಂದ್ರ ಬಾಯಿ ಹಾಕಿ ಮೇದರ ಬಿಡ್ರಿ."

ಮೊದಲು ರುಚಿ ನೋಡಿದವರು ಮಲಂಗಸಾಬರು. ಸವಣೂರಿನವರು, ಸಲಿಕೆ ಹಿಡಿಯುವ ಗ್ಯಾಂಗಿನ ಮುಕದ್ದಮ, ರಾಯರ ಜೊತೆ ಹದಿನೇಳು ವರ್ಷ ಹಡಗು ಹತ್ತಿ ಇಳಿದವರು. ಮಳೆಗಾಲದಲ್ಲಿ ಅವರಿಗೂ ಕೆಲಸವಿರಲಿಲ್ಲ. ಹೊಗೆ ಹಿಡಿಸಿದ ಚಹಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಹೆಂಗದರೀ ಮಲಂಗಸಾಬ?"

"ಬಚ್ಚಲ ಒಲಿ ಮುಂದ ಕುಂತಂಗ ಆಗೈತ್ರಿ ರಾಯರ. ಬೆನ್ನ ತಿಕ್ಕಾವರೊಬ್ಬರು ಕಡಿಮಿ."

"ಹತ್ತಕ್ಕ ಎಷ್ಟು ಕೊಡ್ತೀರಿ?"

"ಇದಕ್ಕೂ ಮಾರ್ಕ್ಸ ಐತೇನ್ರಿ? ಮೂರು ಬರಕೋರಿ. ಒಂದು ನಿಮ್ಮ ಮಾರಿ ನೋಡಿ ಕೊಟ್ಟೇನಿ."

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಖಾತುನ, ಪೋಸ್ಟ್‌ಮನ್, ಬೆಳಿಗ್ಗೆ ಸೈಕಲ್ ಹಾರ್ನ್ ಒತ್ತುತ್ತ ಬರುವ ಪಾವ್ ಮಾರುವವನು, ಆಫೀಸಿನ ಕಾರವಾರದ ಕ್ಯಾಷಿಯರು, ಮೀಟರ್ ಓದಲು ಬಂದವನು. ಒಟ್ಟು ಇಪ್ಪತ್ತೇಳು ಜನ. ಸಣ್ಣ ಸ್ಟೀಲ್ ಬಟ್ಟಲುಗಳಿಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿ ನಂಬರು ಬರೆದಿದ್ದರು. ಗಾಯಾಳುಗಳ ವಾರ್ಡಿನಂತೆ ಸಾಲಾಗಿ ನಿಂತಿರುತ್ತಿದ್ದವು. ಕಾನ್ವೆಂಟಿನ ಸಿಸ್ಟರು ಕೈಬರಹಕ್ಕೆ ಅಂಕ ಹಾಕುವ ಗಾಂಭೀರ್ಯದಿಂದ ರಾಯರು ಅಂಕ ಬರೆದುಕೊಳ್ಳುತ್ತಿದ್ದರು. ಡ್ಯೂಟಿ ಮುಗಿಸಿ ಬಂದ ಮಂದಾಕಿನಿಬಾಯಿ ಆ ಬಟ್ಟಲುಗಳನ್ನು ತೊಳೆದಿಡುತ್ತಿದ್ದರು.

ಜುಲೈನ ಒಂದು ಸಂಜೆ ತೊಳೆಯುತ್ತಲೇ ಕೇಳಿದರು: "ಇದರಾಗ ನನ್ನ ನಂಬರ್ ಯಾವುದು ರೀ?"

ರಾಯರು ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. "ನಿನ್ನ ನಂಬರ್ ಇಲ್ಲ. ನಾನು, ನೀನು ಇಬ್ರೂ ಪಕ್ಷಗಾರರು. ಪಕ್ಷಗಾರರ ಬಾಯಿ ಲೆಕ್ಕಕ್ಕ ಬರಂಗಿಲ್ಲ."

ಅವರ ಮನಸ್ಸಿನಲ್ಲಿ ಅದು ದೊಡ್ಡ ಮರ್ಯಾದೆ. ಯಾರಿಗಾಗಿ ಹಡಗು ತುಂಬುತ್ತಿದೆಯೋ ಅವರಿಗೆ ಸಲಿಕೆ ಕೊಡುತ್ತಾರೆಯೇ? ಮಂದಾಕಿನಿಬಾಯಿ ಕೊನೆಯ ಬಟ್ಟಲನ್ನು ಬೋರಲು ಹಾಕಿ ಒಳಗೆ ಹೋದರು. ಹದಿನೆಂಟು ವರ್ಷದಿಂದ ಲೈನು ಜೋಡಿಸುವ, ಲೈನು ಕಡಿಯುವ ಕೆಲಸ ಮಾಡಿದವರು. ಸದ್ದಾಗದಂತೆ ಕಡಿದರು.

ಆಗಸ್ಟಿನಲ್ಲಿ ಲೆಕ್ಕ ಮುಗಿಯಿತು. ಅತಿ ಹೆಚ್ಚು ಅಂಕ ಬಂದ ನಾಲ್ಕನ್ನು—ಮಜ್ಜಿಗೆ ಹುಲ್ಲು, ಮಲ್ಲಿಗೆಯ ಎಲೆ, ದಾಲ್ಚಿನ್ನಿಯ ಎಲೆ, ಕೋಕಂ ಸಿಪ್ಪೆ—ಅಂಕದ ಪ್ರಮಾಣದಲ್ಲೇ ಬೆರೆಸಿ, ಕೊನೆಯ ಬಾರಿ ಗುಡ್ಡೆ ಹಾಕಿ, ತಟ್ಟಿ, ಪಾಲು ಮಾಡಿ, ಮೂರು ಪೊಟ್ಟಣ ಕಟ್ಟಿದರು. ತಮಗೊಂದು, ಹೆಂಡತಿಗೊಂದು. ಮೂರನೆಯದಕ್ಕೆ ಅರಗು ಕಾಯಿಸಿ ಮುದ್ರೆ ಒತ್ತಿ, 'ತಂಟೆ ಬಂದಲ್ಲಿ ಮಾತ್ರ ಒಡೆಯತಕ್ಕದ್ದು' ಎಂದು ಬರೆದು ಬಟ್ಟೆಯ ಕಪಾಟಿನಲ್ಲಿ ಸೀರೆಗಳ ಕೆಳಗಿಟ್ಟರು. ಮಾದರಿ ಸಿದ್ಧವಾಯಿತು, ಮಾದರಿ ಗಂಡನಾಗುವುದೊಂದು ಬಾಕಿ.

ಎರಡು ವಾರ ಕಾದು, ಮಂದಾಕಿನಿಬಾಯಿಗೆ ರಜೆಯಿದ್ದ ಶನಿವಾರ ಬೆಳಿಗ್ಗೆ ಆರಕ್ಕೆ ಎರಡು ಲೋಟ ಹಿಡಿದು ಬಾಲ್ಕನಿಗೆ ಬಂದರು. "ಮಂದಾ, ಬಾ." ಅವರು ಬಂದರು. ಮೋಡಾದ ಮೇಲೆ ಕೂತರು, ಮೂರು ತಿಂಗಳ ಮೇಲೆ. ಒಂದು ಗುಟುಕು ಕುಡಿದರು. ರಾಯರು ಉಸಿರು ಹಿಡಿದರು.

"ಚಲೋ ಅದ ರೀ."

ಆ ದನಿ ರಾಯರಿಗೆ ಗೊತ್ತಿತ್ತು. ಫೋನಿನಲ್ಲಿ 'ಲೈನ್ ಬಿಝಿ ಅದ, ಸ್ವಲ್ಪ ಹೊತ್ತು ಬಿಟ್ಟು ಮಾಡ್ರಿ' ಎನ್ನುವ ದನಿ. ಮಂದಾಕಿನಿಬಾಯಿ ಲೋಟವನ್ನು ತಳದವರೆಗೆ ಖಾಲಿ ಮಾಡಿ, ನೀರು ಕಾಯಿಸಲಿಕ್ಕೆ ಇಟ್ಟಿದ್ದೇನೆ ಎಂದು ಎದ್ದು ಹೋದರು. ಎರಡು ನಿಮಿಷವೂ ಆಗಿರಲಿಲ್ಲ. ಮೊಣಕಾಲು ಎಷ್ಟು ಜೋರಾಗಿ ಕುಣಿಯಿತೆಂದರೆ ರಾಯರ ಲೋಟದ್ದು ಅರ್ಧ ಪಂಚೆಯ ಪಾಲಾಯಿತು.

ಕೊಡೆ ಮರೆತು ಮಲಂಗಸಾಬರ ಮನೆಗೆ ಓಡಿದರು.

"ಇಪ್ಪತ್ತೇಳು ಮಂದಿ ಸರಾಸರಿ ಏಳು ಕೊಟ್ಟಾರ. ಆಕಿ ಯಾಕ ಎದ್ದು ಹೋದ್ಲು?"

ಮಲಂಗಸಾಬರು ತಲೆ ಒರೆಸಲು ಟವೆಲ್ ಕೊಟ್ಟರು. "ಖರೇ ಹೇಳ್ಲೇನ್ರಿ? ಆ ಚಾ ಹೆಂಗೈತಿ ಅಂದ್ರ, ಯಾರೂ ಬೈಯೂದಿಲ್ಲ, ಯಾರೂ ಇನ್ನೊಂದ್ ಕಪ್ ಕೇಳೂದಿಲ್ಲ. ಅದಿರಲಿ, ಅಕ್ಕಾರಿಗೆ ಏನ್ ಸೇರತೈತಿ?"

"ಗೊತ್ತಿಲ್ಲ."

"ಗೊತ್ತಿಲ್ಲ?"

"ಕೇಳಿಲ್ಲ. ಪಕ್ಷಗಾರಳಲ್ಲೇನ್ರಿ ಆಕಿ?"

ಮಲಂಗಸಾಬರು ಟವೆಲ್ ವಾಪಸು ತೆಗೆದುಕೊಂಡರು. "ರಾಯರ, ಹದಿನೇಳು ವರ್ಷ ನಿಮ್ಮ ಕೂಡ ಕೆಲಸ ಮಾಡೇನಿ. ಇಂಥಾ ತಪ್ಪು ಒಮ್ಮೆನೂ ಮಾಡಿದ್ದಿಲ್ಲ ನೀವು. ಇಪ್ಪತ್ತೇಳು ಬ್ಯಾರೆ ಹಡಗಾ ಹತ್ತಿ ಸ್ಯಾಂಪಲ್ ತಗದು, ನಿಮ್ಮ ಮನಿ ಹಡಗಿಗೆ ಸರ್ಟಿಫಿಕೇಟ್ ಕೊಟ್ಟು ಬಂದೀರಿ."

ರಾಯರು ಮನೆಗೆ ನಡೆದು ಬರುವಾಗ ಎರಡು ಬಸ್ಸು ಬಿಟ್ಟರು. ಬಸ್ಸಿನಲ್ಲಿ ಕೂರುವುದು ಆಗದ ಮಾತಾಗಿತ್ತು. ಮಂದಾಕಿನಿಬಾಯಿ ಅಕ್ಕಿ ಆರಿಸುತ್ತಿದ್ದರು. ರಾಯರು ಒದ್ದೆ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತು ಕೇಳಿದರು:

"ಮಂದಾ, ನಿನಗ ಯಾವ ಚಹಾ ಸೇರ್ತದ?"

ಮೊರ ಕೆಳಗೆ ಬಂತು.

"ಈಗ ನೆನಪಾತೇನ್ರಿ? ಪಾವ್ ಮಾರಾವನ್ನ ಕೇಳಿದ್ರಿ. ಮೀಟರ್ ನೋಡಾವನ್ನ ಕೇಳಿದ್ರಿ. ಹೋಗೋ ಬರೋ ಮಂದಿಯೆಲ್ಲಾ ನಾಲಿಗಿ ಹಚ್ಚಿದ ಬಟ್ಟಲಾ ತೊಳದೀನಿ ಎರಡು ತಿಂಗಳು. ನನ್ನ ಬಾಯಿ ಲೆಕ್ಕಕ್ಕಿಲ್ಲಂತ!"

"ಅದು ಹಂಗಲ್ಲ, ಕಟ್ಟಳಿ ಏನಂದ್ರ..."

"ಕಟ್ಟಳಿ!" ಎಂದು ಎದ್ದವರು ಕಪಾಟು ತೆಗೆದು, ಸೀರೆಗಳ ಕೆಳಗಿನಿಂದ ಮೂರನೆಯ ಪೊಟ್ಟಣ ತಂದು ಮುಂದೆ ಹಿಡಿದರು. "ತಂಟೆ ಬಂದ್ರ ಒಡೀಬೇಕಂತ ನೀವ ಬರದೀರಿ. ಬಂದದ. ಒಡೀರಿ."

ರಾಯರು ಅರಗು ಮುರಿದು ಕಾಗದ ಬಿಚ್ಚಿದರು. ಒಳಗೆ ಬೆಳ್ಳಗೆ, ಮೆತ್ತಗೆ, ಹತ್ತಿಯಂಥ ಬೂಷ್ಟು. ಮಳೆಗಾಲದ ಕೋಕಂ ಸಿಪ್ಪೆ ಪೂರ್ತಿ ಒಣಗಿರಲಿಲ್ಲ. ಹತ್ತೊಂಬತ್ತು ವರ್ಷ ಹಡಗು ಹಡಗಿಗೆ ನೀರೆಷ್ಟೆಂದು ಸಹಿ ಹಾಕಿದ ಮನುಷ್ಯ ಅದನ್ನು ಬೆರಳಿನಿಂದ ಒತ್ತಿ ನೋಡಿದರು.

ಮಂದಾಕಿನಿಬಾಯಿಯೂ ಬಗ್ಗಿ ನೋಡಿದರು. ಅವರ ಮೂಗಿನಿಂದ ಒಂದು ಸಣ್ಣ ಸದ್ದು ಹೊರಟಿತು. ನಗೆಯೋ ಸಿಟ್ಟೋ ಹೇಳುವುದು ಕಷ್ಟ.

"ನೀರೆಷ್ಟು ಪರ್ಸೆಂಟ್ ರೀ?"

ರಾಯರು ಪೊಟ್ಟಣವನ್ನು ಮತ್ತೆ ಮಡಚಿದರು. ಮಂದಾಕಿನಿಬಾಯಿಯೇ ಮತ್ತೆ ಹೇಳಿದರು, ಈ ಬಾರಿ ಎಕ್ಸ್‌ಚೇಂಜಿನ ದನಿಯಲ್ಲಲ್ಲ: "ಕೇಳಿದ್ರಲ್ಲ, ಹೇಳ್ತೀನಿ. ನನಗ ಶುಂಠಿ ಹಾಕಿದ ಹಾಲಿನ ಚಹಾ ಸೇರ್ತದ. ಎರಡು ಚಮಚ ಸಕ್ರಿ. ಅದರ ಹೊರತು ಯಾವುದೂ ಸೇರಂಗಿಲ್ಲ. ನಿಮ್ಮ ಹುಲ್ಲೂ ಇಲ್ಲ, ಹೂವೂ ಇಲ್ಲ."

ಇಪ್ಪತ್ತೇಳು ಜನ, ಎರಡು ತಿಂಗಳು, ಒಂದು ಥರ್ಮಾಮೀಟರ್. ಒಂದು ಪ್ರಶ್ನೆಯಲ್ಲಿ ಮುಗಿಯುತ್ತಿತ್ತು.

"ಮತ್ತ... ಬೆಳಿಗ್ಗಿ?" ಎಂದರು ರಾಯರು.

"ಬೆಳಿಗ್ಗಿ ಏನು? ನನ್ನದು ನಾ ಕುಡೀತೀನಿ. ನಿಮ್ಮದು ನೀವು ಕುಡೀರಿ. ಇಬ್ಬರ ಲೋಟದಾಗೂ ಒಂದೇ ಇರಬೇಕಂತ ಯಾರು ಹೇಳ್ಯಾರ? ಆದ್ರ ನನ್ನ ಲೋಟ ನೋಡಿ ಜೊಲ್ಲು ಸುರಿಸಿದ್ರೋ, ಎದ್ದು ಹೋಗ್ತೀನಿ ನೋಡ್ರಿ ಮತ್ತ."

ಭಾನುವಾರ ಬೆಳಿಗ್ಗೆ ಆರಕ್ಕೆ ಮೋಡಾ ತುಂಬಿತು. ಮಂದಾಕಿನಿಬಾಯಿಯ ಲೋಟದಿಂದ ಶುಂಠಿ, ಹಾಲು, ಸಕ್ಕರೆಯ ಹಬೆ ಗಾಳಿಯ ಜೊತೆ ನೇರವಾಗಿ ರಾಯರ ಮೂಗಿಗೇ ಬಂತು. ರಾಯರು ಮಜ್ಜಿಗೆ ಹುಲ್ಲಿನ ಕಷಾಯ ಹೀರುತ್ತ, ಪ್ರಾಣಸಂಕಟದಿಂದ, ನಿಂತುಹೋದ ಬಾರ್ಜುಗಳ ಕಡೆ ನೋಡುತ್ತಿದ್ದರು.

"ಹೆಂಗದ ನಿಮ್ಮದು?"

"ಹುಲ್ಲಿನ ಹಂಗ ಅದ."

"ನಂದು ಭಾಳ ಚಲೋ ಆಗೇದ ಇವತ್ತು," ಎಂದು ಮಂದಾಕಿನಿಬಾಯಿ ಇನ್ನೊಂದು ಗುಟುಕು ಬೇಕೆಂದೇ ಸದ್ದು ಮಾಡಿ ಎಳೆದರು. ಆಮೇಲೆ, ಮೊನ್ನೆ ಕುಂಕಳ್ಳಿಯಿಂದ ಒಬ್ಬ ಮದುಮಗ ಫೋನ್ ಮಾಡಿ ಏನು ಹೇಳಿದ ಗೊತ್ತೇನ್ರಿ ಎಂದು ಶುರು ಮಾಡಿದರು. ಮೂರು ತಿಂಗಳ ಸುದ್ದಿ ಬಾಕಿಯಿತ್ತು.

ಕೇಳುತ್ತ ಕೇಳುತ್ತ ರಾಯರ ಕಣ್ಣು ಆ ಲೋಟದ ಕಡೆ ಒಮ್ಮೆ ಹೊರಳಿತು. ಮೊಣಕಾಲು ಮೆಲ್ಲಗೆ ಅದಿರತೊಡಗಿತು. ಮಂದಾಕಿನಿಬಾಯಿ ಮಾತು ನಿಲ್ಲಿಸಲಿಲ್ಲ. ತಿರುಗಿ ನೋಡಲೂ ಇಲ್ಲ. ಇನ್ನೂ ಅರ್ಧ ತುಂಬಿದ್ದ ತಮ್ಮ ಬಿಸಿ ಲೋಟವನ್ನು ತಂದು ಆ ಮೊಣಕಾಲಿನ ಮೇಲೆ ಇಟ್ಟರು.

"ಚೆಲ್ಲಿದ್ರ ನೋಡ್ರಿ."

ಮೊಣಕಾಲು ನಿಂತಿತು.