ಕೆಂಪು ಮೂಗಿನ ಗ್ಲೈಡರುಗಳ ಅಮೀರುನ್ನೀಸಾ

ಬೆಳಗಿನ ಐದೂವರೆ. ಚನ್ನಪಟ್ಟಣದ ಗೊಂಬೆ ಕೆಲಸದವರ ಬೀದಿಯಲ್ಲಿ ತಗಡಿನ ಶೆಡ್ಡೊಂದರ ಬಾಗಿಲು, ಕಿಟಕಿ ಎಲ್ಲ ಮುಚ್ಚಿವೆ. ಫ್ಯಾನೂ ನಿಂತಿದೆ. ಒಳಗೆ ಐವತ್ತಾರು ವರ್ಷದ ಅಮೀರುನ್ನೀಸಾ ಎರಡು ತೋರುಬೆರಳುಗಳ ತುದಿಯ ಮೇಲೆ ಎರಡು ಮೀಟರ್ ರೆಕ್ಕೆಯ ಗ್ಲೈಡರ್ ಹೊತ್ತು ನಿಂತಿದ್ದಾರೆ. ನನ್ನ ಉಸಿರಿಗೇ ಅದು ಅಲ್ಲಾಡೀತೆಂದು ನಾನು ಬಾಯಿ ಬಿಗಿಹಿಡಿದು ಕೂತಿದ್ದೇನೆ. ಮೂಗು ಕೂದಲೆಳೆಯಷ್ಟು ಕೆಳಗೆ ವಾಲಿ ನಿಲ್ಲುತ್ತದೆ. ‘ಮೂಗು ಒಸಿ ಭಾರ ಇರ್ಲಿ. ಬಾಲ ಭಾರ ಆದ್ರೆ ಯಾರೂ ಕಾಯಾಕಿಲ್ಲ’ ಎಂದು ಅದನ್ನು ಮೆಲ್ಲಗೆ ಚಾಪೆಯ ಮೇಲೆ ಇಳಿಸುತ್ತಾರೆ.

ಇದು ಎಂಜಿನ್ ಇಲ್ಲದ ಪುಟ್ಟ ವಿಮಾನ. ಗುಡ್ಡದ ಮೇಲಿಂದ ಕೈಯಲ್ಲಿ ಎಸೆದರೆ ಬಂಡೆಗೆ ಬಡಿದು ಮೇಲೇಳುವ ಗಾಳಿಯನ್ನೇ ನಂಬಿ ಹಾರುತ್ತದೆ. ಹಾರಿಸುವವರು ರಿಮೋಟ್ ಹಿಡಿದು ಗುಡ್ಡದ ಮೇಲೆಯೇ ನಿಂತಿರುತ್ತಾರೆ. ಗುಡೇಮಾರನಹಳ್ಳಿ ಆಚೆಯ ಬೋಳುಬಂಡೆಯ ಮೇಲೆ ಭಾನುವಾರ ಹಾರುವ ಇಂಥ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಕೆಂಪು ಮೂಗು. ಆ ಮೂಗು ಎಲ್ಲಿಂದ ಬರುತ್ತದೆಂದು ಹುಡುಕುತ್ತ ಹೊರಟ ನಾನು ಯಾವುದೋ ಎಂಜಿನಿಯರ್ ಸಿಕ್ಕಾನು ಎಂದುಕೊಂಡಿದ್ದೆ. ಸಿಕ್ಕಿದ್ದು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗೊಂಬೆ ಕಡೆಯಲು ಕೂತ ಹೆಂಗಸು.

ಅಪ್ಪನ ಕಾಲದಿಂದ ಇವರದು ಬುಗುರಿ, ಬಟ್ಟಲು, ಗಿಲಕಿಯ ಕೆಲಸ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹತ್ತುತ್ತದೆ, ಕೇದಗೆ ಗರಿಯಲ್ಲಿ ಉಜ್ಜಿದರೆ ಹೊಳೆಯುತ್ತದೆ. ಆ ಮನೆಯಲ್ಲೊಂದು ಕಟ್ಟುಪಾಡಿದೆ, ಅರಗು ಕಾಣದ ಮರ ಹೊಸ್ತಿಲು ದಾಟುವಂತಿಲ್ಲ. ‘ನಮ್ಮಪ್ಪ ಲಟ್ಟಣಿಗೆ ಕೂಡಾ ಬರೀ ಮರ ಕೊಡ್ತಿರ್ಲಿಲ್ಲ. ಬರೀ ಮರ ಕೊಟ್ರೆ ಮಗೀನ ಬಟ್ಟೆ ಹಾಕ್ದೆ ಬೀದಿಗೆ ಬುಟ್ಟಂಗೆ ಅಂತಿದ್ರು’ ಎನ್ನುತ್ತಾರೆ.

ಹನ್ನೊಂದು ವರ್ಷದ ಹಿಂದೆ, ಬಿಡದಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೇಥ್ ಮೇಲೆ ದುಡಿಯುವ ಮುನೇಶ್ ಗ್ಲೈಡರಿಗೆ ಬಾಲದ ಕೋಲು ಕಡೆಸಲು ಇಲ್ಲಿಗೆ ಬಂದರು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಬೆರಳಿನಷ್ಟು ಸಣ್ಣ ಇರಬೇಕಾದ ಹಗುರ ಕೋಲು. ಅಲ್ಲಿಂದ ಶುರುವಾಗಿ ಈಗ ಇಡೀ ವಿಮಾನ ಜೋಡಿಸುವುದು, ರಿಮೋಟಿಗೆ ಹೊಂದಿಸುವುದು ಎಲ್ಲಾ ಇವರದೇ. ತಿಂಗಳಿಗೆ ಎರಡು, ಹೆಚ್ಚೆಂದರೆ ಮೂರು. ಒಟ್ಟು ಇನ್ನೂರರ ಮೇಲಾಗಿವೆ.

ಬಂದವರು ಕೇಳಿದ್ದನ್ನೆಲ್ಲ ಇವರು ಕೊಡುವುದಿಲ್ಲ. ಮೊನ್ನೆ ಕನಕಪುರದ ಮೇಷ್ಟರೊಬ್ಬರು ಚೂಪು ರೆಕ್ಕೆಯ, ಗುಂಡಿನ ಹಾಗೆ ನುಗ್ಗುವ ವಿಮಾನದ ಫೋಟೋ ತೋರಿಸಿದರಂತೆ. ‘ಸೈಕಲ್ ಕಲೀದೆ ಬುಲೆಟ್ ಏರ್ತೀರಾ ಸಾ ಅಂದೆ. ಮೊದುಲ್ನೇ ವಿಮಾನ ಸೋಮಾರಿ ಆಗಿರ್ಬೇಕು. ಅಗಲ ರೆಕ್ಕೆ, ತುದಿ ಒಸಿ ಮ್ಯಾಕೆ ಎತ್ತಿರ್ಬೇಕು, ನೀವು ತೆಪ್ಪು ಮಾಡುದ್ರೂ ಅದೇ ನೆಟ್ಟಗಾಗ್ಬೇಕು.’ ಹೀಗೆ ಹೇಳುತ್ತಲೇ ಬಾಲದ ಹಿಂದೆ ಕೂತು ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತುತ್ತಾರೆ, ಚುಕ್ಕಾಣಿ ಬಲಕ್ಕೆ ಹೊರಳುತ್ತದೆ. ‘ಮೂತಿ ಕಡೆ ಕೂತ್ರೆ ಎಡ ಬಲ ಅದ್ಲುಬದ್ಲು ಕಾಣ್ತದೆ. ಹಿಂದ್ಗಡೆ ಕೂತೇ ನೋಡ್ಬೇಕು.’ ಮೂರು ಸಲ ನೋಡುತ್ತಾರೆ. ಬೆರಳ ಮೇಲಿನ ತೂಕವೂ ಮೂರು ಸಲವೇ.

‘ಇದು ಹಾರುವಾಗ ಹೆಂಗೆ ಕಾಣ್ತದೆ?’ ಎಂದು ಕೇಳುತ್ತೇನೆ.

‘ನಂಗೆಂಗೆ ಗೊತ್ತು? ಒಂದೂ ನೋಡಿಲ್ಲ’ ಎನ್ನುತ್ತಾರೆ.

ನನಗೆ ಗರ ಬಡಿದಂತಾಗುತ್ತದೆ. ಇನ್ನೂರು ವಿಮಾನ ಹದ ಮಾಡಿದ ಕೈ, ಒಂದೂವರೆ ಗಂಟೆಯ ದಾರಿಯಲ್ಲಿ ಬೆಟ್ಟ. ಒಂದನ್ನೂ ನೋಡಿಲ್ಲವೆಂದರೆ ಹೇಗೆ ನಂಬಲಿ? ಮಂಡಿ ನೋವು ಎನ್ನುತ್ತಾರೆ, ಬಿಸಿಲು ಎನ್ನುತ್ತಾರೆ. ನಾನೂ ಸುಮ್ಮನಿರುವ ಪೈಕಿಯಲ್ಲ. ಆಗಲೇ ಯಂತ್ರದ ಮೇಲಿನ ಮೊಳೆಗೆ ನೇತುಹಾಕಿದ್ದ ಮುರುಕು ಕೋಲೊಂದು ಕಣ್ಣಿಗೆ ಬಿದ್ದು, ಅದೇನೆಂದು ಕೇಳುತ್ತೇನೆ. ಅವರು ಎದ್ದು ಸೆರಗಿನಿಂದ ಅದರ ಧೂಳು ಒರೆಸುತ್ತಾರೆ.

‘ಅದೇ ಮೊದುಲ್ನೇದು’ ಎನ್ನುತ್ತಾರೆ ಆಮೇಲೆ. ‘ಮುನೇಶಣ್ಣ ತೂಕ ಎಲ್ಲಾ ನೋಡಿ, ಮೂಗಿಗೆ ಮರದ ಬಿರಡೆ ಕೂರ್ಸಿ ಅಂತ ರಾತ್ರಿ ಇಲ್ಲೇ ಬುಟ್ಟೋಗಿದ್ರು. ಬಾಲದ ಕೋಲು ಬರೀ ಮರ. ಬರೀ ಮರ ಹೆಂಗೆ ಹೊಸ್ಲು ದಾಟ್ಸಾದು? ಬಿಚ್ಚಿ ಮಿಸಿನ್ನಿಗೆ ಕಟ್ಟಿ, ಬಣ್ಣ ಇಲ್ದಿರೋ ಅರಗು ಎರಡು ಕೋಟು ಕೊಟ್ಟೆ. ಮರಾನೇ ಹೊಳೀತೈತೆ ಅಂದ್ಕಂಡ್ರು ಅವರು. ಖುಸಿಯಾಗಿ ನನ್ನೂ ಬೆಟ್ಟಕ್ಕೆ ಕರ್ಕಂಡೋದ್ರು. ನಾನು ನೋಡಿದ್ದು ಅದು ಬಿದ್ದಿದ್ದೊಂದೇ, ಹಾರಿದ್ದಲ್ಲ.’

ಎಸೆದ ವಿಮಾನ ಮೂತಿ ಮೇಲೆತ್ತಿ ನಿಂತಿತಂತೆ. ಮುನೇಶ್ ಕಡ್ಡಿ ಒತ್ತಿದರೂ ಕೇಳದೆ ಮಗುಚಿ, ಹಿಂದಕ್ಕೆ ತಿರುಗಿ ನೇರ ಅವರ ಭುಜಕ್ಕೇ ಬಂದು ಬಡಿಯಿತು. ಬಂಡೆಯಿಂದ ಕೆಳಗುರುಳಿದ ಮನುಷ್ಯನ ಹೆಗಲ ಮೂಳೆ ಮುರಿದದ್ದು ಇವರ ಕಣ್ಣೆದುರಿಗೆ. ಆ ಸಂಜೆ ಮುರುಕು ಕೋಲನ್ನು ಮನೆಗೆ ತಂದು, ಅರಗು ಕೆರೆದು, ಆ ಅರಗನ್ನು ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದರು. ಇಪ್ಪತ್ತೆರಡು ಗ್ರಾಂ. ಬಾಲದಲ್ಲಿ ಅಷ್ಟು ಭಾರ ಸಾಕು, ವಿಮಾನ ಕೈ ತಪ್ಪಲು.

‘ಅವ್ರಿಗೆ ಯೋಳಿದ್ರಾ?’ ಎನ್ನುತ್ತೇನೆ.

‘ಆಸ್ಪತ್ರೆಗೆ ಯೋಳಾಕೇ ಹೋಗಿದ್ದೆ. ನನ್ ಮೊಕ ನೋಡೇಟ್ಗೆ, ನಂದೇ ತೆಪ್ಪು ಕಣಮ್ಮ, ಕಡ್ಡಿ ಜಾಸ್ತಿ ಎಳ್ದುಬುಟ್ಟೆ ಅಂದ್ರು. ನಾನು ಸುಮ್ಕಾದೆ. ಅವತ್ತು ಸುಮ್ಕಾದೋಳು ಸುಮ್ಕೇ ಅವ್ನಿ.’

ಮುನೇಶ್ ನನಗೂ ಗೊತ್ತು. ಬೆಟ್ಟದ ಮೇಲೆ ಎಲ್ಲರ ವಿಮಾನ ಎಸೆದುಕೊಡುವವರು, ಗಾಳಿ ನೋಡಿ ಹೇಳುವವರು ಅವರೇ. ರಿಮೋಟ್ ಮಾತ್ರ ಮುಟ್ಟುವುದಿಲ್ಲ. ಕೇಳಿದರೆ ‘ನನ್ ಹೆಬ್ಬೆಟ್ಟು ಸರಿಯಿಲ್ಲ ಸಾ’ ಎಂದು ನಗುತ್ತಾರೆ. ಆ ಮಾತನ್ನು ತಮಾಷೆ ಎಂದುಕೊಂಡು ನಾನೂ ಹೋದ ತಿಂಗಳು ನಕ್ಕಿದ್ದೆ. ಹಾರಿಸಲೆಂದೇ ವಿಮಾನ ಕಟ್ಟಿದವನು ಹನ್ನೊಂದು ವರ್ಷ ಹಾರಿಸಿಲ್ಲ. ಅದಕ್ಕೆ ಕಾರಣ ಈ ಮೊಳೆಗೆ ನೇತಾಡುತ್ತಿದೆ.

‘ಅವರು ಅಂಗಂದಾಗೆಲ್ಲ ಬಿಸಿ ಅರಗು ಕೈಗೆ ಹತ್ತಿದಂಗಾಯ್ತದೆ’ ಎನ್ನುತ್ತಾರೆ ಅಮೀರುನ್ನೀಸಾ. ಅಂದಿನಿಂದ ಅವರು ಬಾಲಕ್ಕೆ ಅರಗು ತಾಕಿಸಿಲ್ಲ. ಎಲ್ಲರೂ ಮೂಗಿಗೆ ಸೀಸದ ಗುಂಡು ತುಂಬಿ ತೂಕ ಸರಿಮಾಡಿದರೆ, ಇವರು ಮೂಗಿನ ಬಿರಡೆಗೆ ಕೆಂಪು ಅರಗು ಸುತ್ತಿ, ಗ್ರಾಂ ಗ್ರಾಂ ಕೆರೆದು ಸರಿಮಾಡುತ್ತಾರೆ. ಜನ ಅದನ್ನು ಚೆಂದಕ್ಕೆ ಎಂದುಕೊಂಡಿದ್ದಾರೆ. ಹೊಗಳಿ ಬರೆಯಲು ಬಂದ ನನಗೆ ಇದು ಬಾಯಲ್ಲಿಟ್ಟ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಬರೆಯಲೇ ಬೇಡವೇ ಎಂದು ಅವರನ್ನೇ ಕೇಳುತ್ತೇನೆ.

‘ಬರೀರಿ. ಆದ್ರೆ ಪೇಪರ್ನಾಗೆ ಓದಾಕೆ ಮುಂಚೆ ಅವರು ನನ್ ಬಾಯಿಂದ ಕೇಳ್ಬೇಕು. ಇವತ್ತೇ ಬತ್ತೀನಿ ಬೆಟ್ಟಕ್ಕೆ.’

ಎಂಟು ಗಂಟೆಗೆ ಹೊಸ ವಿಮಾನ ಒಯ್ಯಲು ವ್ಯಾನು ತಂದ ಮುನೇಶ್, ಅಮೀರುನ್ನೀಸಾ ತಾವೇ ಬಂದು ಹತ್ತಿ ಕೂತದ್ದು ಕಂಡು ಬೆರಗಾಗುತ್ತಾರೆ. ಪೇಪರಿನ ಫೋಟೋಕ್ಕಿರಬೇಕು ಎಂದು ನನ್ನತ್ತ ಕಣ್ಣು ಮಿಟುಕಿಸುತ್ತಾರೆ. ದಾರಿಯುದ್ದಕ್ಕೂ ಅವರ ಮಾತೇ ಮಾತು. ಅಮೀರುನ್ನೀಸಾ ಮಡಿಲಲ್ಲಿ ಬಟ್ಟೆ ಸುತ್ತಿದ ಮುರುಕು ಕೋಲು ಹಿಡಿದು ಕೂತಿದ್ದಾರೆ.

ಬಂಡೆಯ ಮೇಲೆ ಆಷಾಢದ ಗಾಳಿ ಸೆರಗು ಹಾರಿಸುತ್ತಿದೆ. ಅಮೀರುನ್ನೀಸಾ ಕೋಲಿಗೆ ಸುತ್ತಿದ ಬಟ್ಟೆ ಬಿಚ್ಚಿ ಅದನ್ನು ಮುನೇಶರ ಕೈಗಿಡುತ್ತಾರೆ. ಒಂದು ಮಾತನ್ನೂ ಬಿಡದೆ, ಬೆಳಿಗ್ಗೆ ನನಗೆ ಹೇಳಿದಂತೆಯೇ ಹೇಳುತ್ತಾರೆ. ಮುನೇಶ್ ಬಂಡೆಯ ಮೇಲೆ ಕುಕ್ಕರಿಸಿ, ಎಡಗೈಯಿಂದ ತಮ್ಮ ಹೆಗಲ ಮೂಳೆ ಮುಟ್ಟಿಕೊಳ್ಳುತ್ತಾರೆ.

‘ಎಷ್ಟು ಗ್ರಾಂ ಅಂದ್ರಿ?’ ಎಂದು ಕೇಳುತ್ತಾರೆ ಕೊನೆಗೆ.

‘ಇಪ್ಪತ್ತೆರಡು.’

‘ಹನ್ನೊಂದು ವರ್ಸ ಕಣಮ್ಮ.’

ಅಷ್ಟೇ. ಬೈದಿದ್ದರೆ ನಮಗೆಲ್ಲ ಹಗುರಾಗುತ್ತಿತ್ತು. ಅಮೀರುನ್ನೀಸಾ ಕಣ್ಣು ಕೆಳಗಿಳಿಸದೆ ನಿಂತೇ ಇದ್ದಾರೆ. ಮುನೇಶ್ ಎದ್ದು ಹೊಸ ವಿಮಾನವನ್ನು ವ್ಯಾನಿನ ಮರೆಗೆ ಒಯ್ದು ಎರಡು ಬೆರಳ ಮೇಲೆ ಇಡುತ್ತಾರೆ. ಇಷ್ಟು ವರ್ಷ ಆ ಶೆಡ್ಡಿನಿಂದ ಬಂದದ್ದನ್ನು ಅವರು ಒಮ್ಮೆಯೂ ಮತ್ತೆ ತೂಗಿ ನೋಡಿದವರಲ್ಲ. ಕೆಂಪು ಮೂಗು ಕೂದಲೆಳೆಯಷ್ಟು ವಾಲಿ ನಿಲ್ಲುತ್ತದೆ. ‘ಅವತ್ತೂ ಹಿಂಗೇ ನೋಡ್ಬೇಕಿತ್ತು ನಾನು’ ಎಂದು ತಮಗೇ ಹೇಳಿಕೊಂಡು, ವಿಮಾನವನ್ನು ಅಮೀರುನ್ನೀಸಾರ ಕೈಗೆ ಕೊಟ್ಟು, ರಿಮೋಟ್ ತಾವು ಎತ್ತಿಕೊಳ್ಳುತ್ತಾರೆ.

ಎರಡೂ ಹೆಬ್ಬೆರಳನ್ನು ಅಂಗಿಗೆ ಒರೆಸಿ ಕಡ್ಡಿಗಳ ಮೇಲಿಡುತ್ತಾರೆ. ‘ಎಸೀರಿ’ ಎನ್ನುತ್ತಾರೆ. ಅಮೀರುನ್ನೀಸಾ ಎರಡು ಹೆಜ್ಜೆ ಓಡಿ ಗಾಳಿಗೆ ಎದುರಾಗಿ ಬಿಡುತ್ತಾರೆ. ವಿಮಾನ ಒಂದು ಗಳಿಗೆ ತಗ್ಗಿ, ಆಮೇಲೆ ಮೆಲ್ಲಗೆ ಮೇಲೇಳುತ್ತದೆ. ಬಲಕ್ಕೆ ತಿರುಗುತ್ತದೆ, ಎಡಕ್ಕೆ ತಿರುಗುತ್ತದೆ. ಹನ್ನೆರಡು ನಿಮಿಷ ಹಾರಿ ಹುಲ್ಲಿನ ಮೇಲೆ ಇಳಿಯುತ್ತದೆ. ಅಮೀರುನ್ನೀಸಾ ಬಾಯಿಗೆ ಸೆರಗು ಒತ್ತಿಕೊಂಡು ಇಳಿದ ಜಾಗವನ್ನೇ ನೋಡುತ್ತಿದ್ದಾರೆ.

ವಾಪಸು ಬರುವಾಗಲೂ ಕ್ಷಮಿಸಿದ್ದೇನೆ ಎಂದು ಮುನೇಶ್ ಹೇಳಲಿಲ್ಲ, ನಾನೂ ಕೇಳಲಿಲ್ಲ. ಶೆಡ್ಡಿನ ಬಾಗಿಲಲ್ಲಿ ವ್ಯಾನು ನಿಲ್ಲಿಸಿ, ಸ್ಟೀರಿಂಗ್ ನೋಡುತ್ತಲೇ, ‘ಮುಂದಿಂದು ನನಗೇ ಒಂದು ಮಾಡಿ. ಅರಗು ಬ್ಯಾಡ, ಬರೀ ಮರ ಸಾಕು’ ಎನ್ನುತ್ತಾರೆ.

ಅಮೀರುನ್ನೀಸಾ ಹೊಸ್ತಿಲ ಮೇಲೆ ನಿಂತು ಯೋಚಿಸುತ್ತಾರೆ.

‘ಬರೀ ಮರ ಈ ಹೊಸ್ಲು ದಾಟಾಕಿಲ್ಲ ಮುನೇಶಣ್ಣ. ಮೂಗಿಗೆ ಹಚ್ತೀನಿ. ನೀವು ಎದುರ್ಗೆ ಕೂತಿರಿ, ತೂಗಿ ತೋರ್ಸಿ ಹಚ್ತೀನಿ.’