ಬುಗ್ಗೆಯ ಮುಂದೆ ಸಿದ್ದಪ್ಪ

ಯೆಲ್ಲೋಸ್ಟೋನ್, ಭಾನುವಾರ. ರಾಜಾಜಿನಗರದ ನಮ್ಮ ಕಾರ್ಖಾನೆಯಿಂದ ಅಮೆರಿಕಕ್ಕೆ ತರಬೇತಿಗೆ ಬಂದಿರುವ ನಾನೂ ಸಿದ್ದಪ್ಪನೂ ಇವತ್ತು ಟೂರ್ ಬಸ್ಸು ಹತ್ತಿ ಈ ಕಾಡಿಗೆ ಬಂದೆವು. ಸಿದ್ದಪ್ಪ ಕೆಂಗೇರಿಯವನು, ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಹೋದ ವರ್ಷ ಆವಿಯ ಕೊಳವೆ ಒಡೆದು ಅವನ ಬಲಗೈ ಬೆಂದುಹೋಗಿತ್ತು. ಅಂದಿನಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೂ ಎದ್ದು ಹೊರಗೆ ಹೋಗುತ್ತಾನೆ. ಇಲ್ಲಿಗೆ ಬಂದದ್ದು ಪ್ರಾಣಿಗಳನ್ನು ನೋಡುವ ಆಸೆಗೆ.

ಬಿಸಿನೀರಿನ ಬುಗ್ಗೆಯ ಹತ್ತಿರ ಬಸ್ಸು ನಿಂತಾಗ ಅವನು ಇಳಿಯಲಿಲ್ಲ. "ನೀನ್ ಹೋಗ್ಬಾ ಕಣೋ, ನಾನಿಲ್ಲೇ ಇರ್ತೀನಿ" ಎಂದ. ಗೈಡ್ ಹೆಂಗಸು ಕಿಟಕಿಯಾಚೆ ಬೆರಳು ತೋರಿಸಿದಳು. ನೆಲದಿಂದ ಏಳುತ್ತಿದ್ದ ಆವಿಯ ನಡುವೆ ಭಾರೀ ಕಾಡುಕೋಣವೊಂದು ಮಲಗಿ ಮೆಲುಕು ಹಾಕುತ್ತಿತ್ತು. ಬೆನ್ನ ಮೇಲೆ ಹಿಮ, ಹೊಟ್ಟೆಯ ಕೆಳಗೆ ಬೆಚ್ಚನೆಯ ನೆಲ. ಸಿದ್ದಪ್ಪ ತುಂಬ ಹೊತ್ತು ಅದನ್ನೇ ನೋಡಿದ. ಆಮೇಲೆ ನನ್ನ ತೋಳು ಹಿಡಿದುಕೊಂಡು ಕೆಳಗಿಳಿದ.

ನೆಲದೊಳಗೆ ಗುಡುಗಿದಂತಾಯಿತು. ಮರುಕ್ಷಣ ನೀರು ತೆಂಗಿನ ಮರದೆತ್ತರವನ್ನೂ ಮೀರಿ ಚಿಮ್ಮಿ, ಆಕಾಶವೆಲ್ಲ ಬೆಳ್ಳಗಾಯಿತು. ಸಿದ್ದಪ್ಪನ ಉಗುರು ನನ್ನ ತೋಳಿಗೆ ನಾಟಿತು, ಆದರೆ ಅವನು ಓಡಲಿಲ್ಲ. ಗಾಳಿ ತಿರುಗಿ ತುಂತುರು ನಮ್ಮ ಮೇಲೆಯೇ ಬಿತ್ತು. ಕಣ್ಣು ಮುಚ್ಚಿ ನಿಂತವನು ಮೆಲ್ಲಗೆ ತೆರೆದು, "ತಣ್ಣಗಿದೆ ಕಣೋ!" ಎಂದು ಕೂಗಿದ. ಅಷ್ಟೆತ್ತರದಿಂದ ಬೀಳುವಷ್ಟರಲ್ಲಿ ಕುದಿನೀರು ಮಳೆಹನಿಯಾಗಿತ್ತು.

ಹಾರ್ನ್ ಕೇಳಿ ಎಲ್ಲರೂ ಬಸ್ಸಿನ ಕಡೆ ಹೊರಟರು. ಸಿದ್ದಪ್ಪ ಗೈಡ್‌ಗೆ ಕನ್ನಡದಲ್ಲೇ, "ಇನ್ನೊಂದ್ಸಲ ನೋಡ್ಕೊಂಡೇ ಬರ್ತೀವಿ ತಾಯಿ" ಎಂದ. ಅವಳು ಅವನ ಮುಖ ನೋಡಿ ನಕ್ಕು, ಎಂಜಿನ್ ಆರಿಸುವಂತೆ ಡ್ರೈವರನಿಗೆ ಸನ್ನೆ ಮಾಡಿದಳು.