ಒಂದು ರೂಪಾಯಿಯ ಅನುಮತಿ ಮತ್ತು ಮೂರು ದಂಡಗಳ ಕುರಿತು

ಮೇಲ್ಕಂಡ ವಿಷಯದ ಬಗ್ಗೆ ಬರೆಯುವ ಅರ್ಹತೆ ನನಗಿದೆಯೇ ಎಂಬ ಸಂದೇಹ ಇದ್ದಾಗ್ಯೂ, ನಡೆದುದನ್ನು ನಡೆದ ಕ್ರಮದಲ್ಲಿಯೇ ಓದುಗರ ಅವಗಾಹನೆಗೆ ತರಬಯಸುತ್ತೇನೆ.

ಆಗ ನಾನು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಓದು ಸಾಗದ ಕಾರಣ, ಪಕ್ಕದ ಗಲ್ಲಿಯ ಲೈಬ್ರರಿಯಲ್ಲಿ ತಿಂಗಳ ಬಾಡಿಗೆಗೆ ಒಂದು ಕುರ್ಚಿ ಹಿಡಿದಿದ್ದೆ. ಶನಿವಾರದೊಳಗೆ ಹಣ ಕಟ್ಟದಿದ್ದರೆ ಅದು ಸರದಿಯಲ್ಲಿದ್ದ ಬೇರೊಬ್ಬರಿಗೆ ಹೋಗುತ್ತಿತ್ತು. ಪ್ರಿಲಿಮ್ಸ್‌ಗೆ ಉಳಿದಿದ್ದುದು ಆರು ವಾರ.

ಸೋಮವಾರ ಖಾತೆ ನೋಡಿದಾಗ, ಕುರ್ಚಿಗೆಂದು ಇಟ್ಟಿದ್ದ ಹಣದಲ್ಲಿ ಅರ್ಧದಷ್ಟು ಇರಲಿಲ್ಲ. ಹಿಂದಿನ ತಿಂಗಳು ಮಾದರಿ ಪರೀಕ್ಷೆಗಳ ಆ್ಯಪ್ ಒಂದನ್ನು ಒಂದು ರೂಪಾಯಿಗೆ ಏಳು ದಿನ ಬಳಸಿ ಅಳಿಸಿಹಾಕಿದ್ದೆ. ಆ ರೂಪಾಯಿ ಕಟ್ಟುವಾಗ, ಖಾತೆಯಿಂದ ತಾನಾಗಿಯೇ ಹಣ ಸೆಳೆಯುವ ಅನುಮತಿಯನ್ನೂ ಪಾವತಿ ಸೇವೆಗೆ ಕೊಟ್ಟಿದ್ದೆನಂತೆ. ವರ್ಷದ ಚಂದಾ ಸೆಳೆಯಲು ಅದು ಮೂರು ಬಾರಿ ಯತ್ನಿಸಿತ್ತು. ಅಷ್ಟು ಹಣವಿಲ್ಲವೆಂದು ಹಿಂದಿರುಗಿಸಿದ ಬ್ಯಾಂಕು, ಮೂರು ಬಾರಿಯೂ ನನಗೆ ದಂಡ ಹಾಕಿತ್ತು.

"ಆ್ಯಪ್ ಡಿಲೀಟ್ ಮಾಡಿದ್ನಲ್ಲ ಅಕ್ಕಾ" ಎಂದೆ, ನನಗಿಂತ ಎರಡು ವರ್ಷ ಹಿರಿಯರಾದ, ರಾಯಚೂರಿನ ರೂಮ್‌ಮೇಟ್‌ಗೆ.

"ಗಂಡನ ನಂಬರ್ ಡಿಲೀಟ್ ಮಾಡಿದ್ರೆ ಡೈವೋರ್ಸ್ ಆಗುತ್ತೇನೇ?" ಎಂದರು ಅವರು, ಪುಸ್ತಕದಿಂದ ತಲೆಯೆತ್ತದೆ.

ಪಾವತಿ ಸೇವೆಯವರು ಬ್ಯಾಂಕನ್ನು ಕೇಳಿ ಎಂದರು. ಬ್ಯಾಂಕಿನವರು ಪಾವತಿ ಸೇವೆಯನ್ನು ಕೇಳಿ ಎಂದರು. ಎರಡು ದಿನ ಹೀಗೆ ಕಳೆದವು. ಬಾಯಿಮಾತಿನಿಂದ ಆಗದೆಂದು ಮನಗಂಡು, ಬುಧವಾರ ಇಂಗ್ಲಿಷಿನಲ್ಲಿ ಮನವಿಯ ಎರಡು ಪ್ರತಿ ಬರೆದು ಬ್ಯಾಂಕಿಗೆ ಒಯ್ದೆ. ವಿಷಯ, ಉಲ್ಲೇಖ, ಕೋರಿಕೆ, ಎಲ್ಲವೂ ಕೋಚಿಂಗ್‌ನಲ್ಲಿ ಕಲಿಸಿದ ಕ್ರಮದಲ್ಲಿಯೇ ಇದ್ದವು.

ಬ್ಯಾಂಕಿನ ಅಧಿಕಾರಿಗಳು ಕೊನೆಯವರೆಗೆ ಓದಿ, ಕನ್ನಡಕ ಸರಿಪಡಿಸಿಕೊಂಡರು. "ಮೇಡಂ, ಯೇ ಎಕ್ಸ್ ವೈ ಝಡ್ ಕೌನ್ ಹೈ?"

ಪರೀಕ್ಷೆಯಲ್ಲಿ ಪತ್ರ ಬರೆಯುವಾಗ ಎಕ್ಸ್ ವೈ ಝಡ್ ಎಂದಲ್ಲದೆ ಸ್ವಂತ ಹೆಸರು ಬರೆದರೆ ಉತ್ತರಪತ್ರಿಕೆಯೇ ತಿರಸ್ಕೃತವಾಗುತ್ತದೆ. ಎರಡು ವರ್ಷ ಆ ಭಯದಲ್ಲಿ ಬರೆದ ಕೈ, ಇಲ್ಲಿಯೂ ಹೆಸರನ್ನಾಗಲಿ ಖಾತೆ ಸಂಖ್ಯೆಯನ್ನಾಗಲಿ ಬರೆದಿರಲಿಲ್ಲ.

"ಪೂರೇ ಮಾರ್ಕ್ಸ್ ದೇ ದೀಜಿಯೇ, ಸರ್" ಎಂದು, ಪೂರ್ಣ ಅಂಕವನ್ನೇ ಕೊಟ್ಟುಬಿಡಿ ಎಂಬರ್ಥದಲ್ಲಿ, ಸಾಲಿನ ಹಿಂದಿನಿಂದ ಯಾರೋ ಅಂದರು. ಸಾಲಿನಲ್ಲಿದ್ದ ಅರ್ಧ ಜನ ನಮ್ಮಂಥ ಅಭ್ಯರ್ಥಿಗಳೇ, ಎಲ್ಲರೂ ನಕ್ಕರು. ಅಲ್ಲಿಂದ ಹೊರಟುಬಿಡೋಣ ಎನಿಸಿತು. ಆದರೆ ಮರಳಿ ಹೋದರೆ ಕುರ್ಚಿಯೂ ಹೋದಂತೆ. ನಿಂತಲ್ಲೇ ಎರಡೂ ಪ್ರತಿಗಳಲ್ಲಿ ಹೆಸರು, ಸಂಖ್ಯೆ ಬರೆದು, ನನ್ನ ಪ್ರತಿಗೆ ಸ್ವೀಕೃತಿಯ ಸೀಲ್ ಕೋರಿದೆ.

"ರಖ್ ದೀಜಿಯೇ, ದೇಖ್ ಲೇಂಗೇ."

ನೋಡುತ್ತೇವೆ ಎಂಬ ಮಾತನ್ನು ಎರಡು ದಿನ ಕೇಳಿಯಾಗಿತ್ತು. ಕದಲಲಿಲ್ಲ.

"ಅಭೀ ಸೇ ಕಲೆಕ್ಟರ್ ಬನ್ ಗಯೀಂ ಆಪ್?" ಈಗಲೇ ಕಲೆಕ್ಟರ್ ಆಗಿಬಿಟ್ಟಿರಾ ಎಂದು ಅವರು ಕೇಳಿದರು.

"ಅಭೀ ನಹೀಂ, ಸರ್. ಪೆಹಲೇ ಸೀಲ್." ಇನ್ನೂ ಇಲ್ಲ, ಮೊದಲು ಸೀಲ್ ಎಂದೆ.

ಅವರು ಸೀಲ್ ಒತ್ತಿದರು. ಹಣ ಸೆಳೆಯುವ ಅನುಮತಿಯನ್ನೂ ನನ್ನೆದುರೇ ರದ್ದುಪಡಿಸಿದರು.

ಶುಕ್ರವಾರ ಎರಡು ದಂಡಗಳು ಖಾತೆಗೆ ಮರಳಿದವು. ಅನುಮತಿ ಕೊಟ್ಟವಳು ನಾನೇ ಆದ್ದರಿಂದ ಮೊದಲನೆಯದನ್ನು ಮರಳಿಸಲಾಗದು ಎಂದು ಬ್ಯಾಂಕಿನವರು ತಿಳಿಸಿದರು, ಅದನ್ನು ಒಪ್ಪಿಕೊಂಡೆ. ಕೊರತೆ ಬಿದ್ದುದನ್ನು ಮುಂದಿನ ವಾರದ ಊಟದ ಡಬ್ಬಾ ನಿಲ್ಲಿಸಿ ತುಂಬಿದೆ. ಶನಿವಾರ ಬೆಳಿಗ್ಗೆ ಹಣ ಪಡೆದ, ಲೈಬ್ರರಿ ನೋಡಿಕೊಳ್ಳುವ ಭಯ್ಯಾ, ಸರದಿಯವರಿಗೆ ಕರೆ ಮಾಡಲು ಎತ್ತಿದ್ದ ಫೋನನ್ನು ಕೆಳಗಿಟ್ಟರು. ನಾನು ಕುಳಿತೆ; ಮಧ್ಯಾಹ್ನದವರೆಗೆ ಏಳಲಿಲ್ಲ.